ಮೀನಿನ ಚರ್ಮದ ಜೆಲಾಟಿನ್ ಫಿಲ್ಮ್ ನೀರು ತಾಗಿದರೆ ಕರಗುತ್ತದೆ, ಏನು ಸೇರಿಸಬೇಕು?
ಮಲ್ಪೆಯ ಮೀನಿನದ್ದಾದರೂ ಅಂಗಡಿಯದ್ದಾದರೂ ಕಥೆ ಒಂದೇ. ಜೆಲಾಟಿನ್ ಎಳೆಗಳ ನಡುವೆ ಗಟ್ಟಿ ಬಂಧ ಇಲ್ಲ, ನೀರು ನುಗ್ಗಿ ಬಿಡಿಸಿಬಿಡುತ್ತದೆ. ಹಾಗಾಗಿ ಎಳೆಗಳನ್ನು ಬೆಸೆಯುವ ವಸ್ತು ಸೇರಿಸಬೇಕು. ಅದಕ್ಕೆ ಬಳಸುವ ಗ್ಲುಟರಾಲ್ಡಿಹೈಡ್ ರಾಸಾಯನಿಕ ಬೇಡ ಮಾರಾಯ್ರೆ, ಅದು ವಿಷ.

ಟ್ಯಾನಿಕ್ ಆಮ್ಲ ಹಾಕಿ, ಅದು ಗಿಡಗಳಲ್ಲಿರುವ ಒಗರು ವಸ್ತು ಟ್ಯಾನಿನ್‌ನ ಒಂದು ಬಗೆ. ಅಡಿಕೆ ಬೇಯಿಸಿದ ಚೊಗರಿನಲ್ಲೂ ಟ್ಯಾನಿನ್ ಇದೆ, ಆದರೆ ಅದರ ಗಾಢತೆ ಪ್ರತಿ ಸಲ ಬೇರೆ, ಪ್ರಾಜೆಕ್ಟ್‌ಗೆ ಕಷ್ಟ. ಜೆಲಾಟಿನ್ ದ್ರಾವಣದ ಪಿಎಚ್ 8-9ಕ್ಕೆ (ಕ್ಷಾರೀಯವಾಗುವಂತೆ) ಏರಿಸಿ, ಗಾಳಿ ಸೇರುವಂತೆ ಕಲಕುತ್ತಾ ಸ್ವಲ್ಪ ಸ್ವಲ್ಪವೇ ಹಾಕಿದರೆ ಟ್ಯಾನಿನ್ ಆಕ್ಸಿಡೀಕರಣಗೊಂಡು ಜೆಲಾಟಿನ್‌ನ ಅಮೈನ್ ಗುಂಪುಗಳಿಗೆ ಬೆಸೆದುಕೊಳ್ಳುತ್ತದೆ. ದ್ರಾವಣ ಕಂದಾಗುವುದೇ ಗುರುತು. ಒಮ್ಮೆಲೇ ಸುರಿದರೆ ಒಡೆದ ಹಾಲಿನ ಹಾಗೆ ಗಂಟು ಕಟ್ಟುತ್ತದೆ. ಜಾಸ್ತಿಯಾದರೆ ಫಿಲ್ಮ್ ಮಡಚಿದಾಗ ಮುರಿಯುತ್ತದೆ, ಆಗ ಅದನ್ನು ಮೆದುವಾಗಿಸಲು ಗ್ಲಿಸರಾಲ್ ಬೇಕು.

ಗಾರ್ಡೀನಿಯಾ ಕಾಯಿಯಿಂದ ಬರುವ ಜೆನಿಪಿನ್ ಕೂಡ ಒಳ್ಳೆಯದೇ, ಆದರೆ ಸಿಕ್ಕಾಪಟ್ಟೆ ದುಬಾರಿ, ಮೇಲಾಗಿ ಫಿಲ್ಮ್ ನೀಲಿಯಾಗುತ್ತದೆ.