ಒಣಗಿಸಿದ ತರಕಾರಿಯಲ್ಲಿ ಪೋಷಕಾಂಶ ಉಳಿಯುತ್ತದೆಯೇ? ಅಡುಗೆಯಲ್ಲಿ ಬಳಸುವುದು ಹೇಗೆ?

ಬಹುಪಾಲು ಉಳಿಯುತ್ತದೆ. ಹೆಚ್ಚಿನ ಹಸಿ ತರಕಾರಿಗಳ ತೂಕದಲ್ಲಿ ಶೇ 80ರಿಂದ 95ರಷ್ಟು ನೀರೇ. ಒಣಗಿದಾಗ ಮುಖ್ಯವಾಗಿ ಹೋಗುವುದು ಅದು. ನಾರು, ಕಬ್ಬಿಣ, ಪೊಟ್ಯಾಸಿಯಂ ಅಲ್ಲೇ ಇರುತ್ತವೆ. ಪೆಟ್ಟು ಬೀಳುವುದು ಸಿ ಜೀವಸತ್ವಕ್ಕೆ. ನೇರ ಬಿಸಿಲಿಗೆ ಹಾಕಿದರೆ ಕ್ಯಾರೆಟ್, ಸೊಪ್ಪುಗಳ ಬೀಟಾ ಕ್ಯಾರೋಟಿನ್ (ದೇಹದಲ್ಲಿ ಎ ಜೀವಸತ್ವವಾಗಿ ಬದಲಾಗುವ ಅಂಶ) ಕೂಡ ಕುಗ್ಗುತ್ತದೆ; ನೆರಳೇ ಮೇಲು. ಅಣಬೆ ಮಾತ್ರ ತದ್ವಿರುದ್ಧ, ಬಿಸಿಲು ಕಂಡರೆ ಅದರಲ್ಲಿ ಡಿ ಜೀವಸತ್ವ ಹೆಚ್ಚುತ್ತದೆ! ಪೊಟ್ಟಣದ ಮೇಲೆ 100 ಗ್ರಾಂಗೆ ಬರೆದಿರುವ ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ. ನಾವು ಒಂದು ಸಲಕ್ಕೆ ತಿನ್ನುವುದು ಕೆಲವೇ ಗ್ರಾಂ.

ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಪಲ್ಯಕ್ಕೆ ಬಳಸಿ. ನೆನೆಸಿದ ನೀರನ್ನು ಚೆಲ್ಲಬೇಡಿ, ರುಚಿಯ ಜೊತೆಗೆ ಒಂದಿಷ್ಟು ಖನಿಜಾಂಶವೂ ಅದಕ್ಕೆ ಇಳಿದಿರುತ್ತದೆ. ಸೂಪಿಗಾದರೆ ನೆನೆಸುವ ಗೋಜೇ ಬೇಡ. ಒಣ ಟೊಮೆಟೊವನ್ನು ಪುಡಿ ಮಾಡಿಟ್ಟರೆ ಗೊಜ್ಜಿಗೆ ಒಂದು ಚಮಚ ಸಾಕು.