ಮುನ್ನೂರರ ಬ್ಯಾಟ್, ಮೂರು ಸಾವಿರದ ಬ್ಯಾಟ್: ಹಣ ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆಯಲ್ಲಿ ಟೇಬಲ್ ಟೆನ್ನಿಸ್ ಆಡಲು ಶುರು ಮಾಡಿ ಒಂದು ವರ್ಷವಾಯಿತು; ಈ ಸಲ ತಾಲ್ಲೂಕು ಮಟ್ಟದ ಪಂದ್ಯಕ್ಕೂ ಆಯ್ಕೆಯಾಗಿದ್ದಾಳೆ. ಇಲ್ಲಿಯ ಬಜಾರಿನಲ್ಲಿ ಎರಡು ಬ್ಯಾಟ್, ಮೂರು ಚೆಂಡು ಸೇರಿ 350 ರೂಪಾಯಿಗೆ ಕೊಂಡ ಸೆಟ್ಟಿನಲ್ಲಿಯೇ ಇದುವರೆಗೆ ಆಡಿದ್ದಾಳೆ. ಅವಳ ದೈಹಿಕ ಶಿಕ್ಷಕರು ಬ್ಯಾಟ್ ಬದಲಿಸಲೇಬೇಕು ಎನ್ನುತ್ತಾರೆ. ರಾಯಚೂರಿನ ಅಂಗಡಿಯಲ್ಲಿ ವಿಚಾರಿಸಿದಾಗ 800 ರೂಪಾಯಿಯಿಂದ 14,000 ರೂಪಾಯಿಯವರೆಗಿನ ಬ್ಯಾಟ್‌ಗಳನ್ನು ತೋರಿಸಿದರು. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ ಕಂಡವು. ಬೆಲೆಯಲ್ಲಿ ಇಷ್ಟು ಅಂತರವೇಕೆ? ಕಾರ್ಬನ್ ಬ್ಯಾಟ್ ಕೊಡಿಸಿದರೆ ಒಳ್ಳೆಯದೇ? ನಾನು 5,000 ರೂಪಾಯಿಯವರೆಗೆ ಹೊಂದಿಸಬಲ್ಲೆ.
— ಓದುಗರು, ಸಿಂಧನೂರು

ಉತ್ತರ: ದೈಹಿಕ ಶಿಕ್ಷಕರು ಹೇಳಿದ್ದು ಸರಿ. ಆದರೆ ಅಂಗಡಿಯಲ್ಲಿ ಕಂಡ ಆ 14,000 ರೂಪಾಯಿಯ ಬ್ಯಾಟಿನ ಕಡೆ ನೀವು ನೋಡುವ ಅಗತ್ಯವಿಲ್ಲ. ನಿಮ್ಮ ಬಳಿ ಇರುವ ಮೊತ್ತದಲ್ಲಿಯೇ ಮಗಳಿಗೆ ಬೇಕಾದುದೆಲ್ಲ ಸಿಗುತ್ತದೆ. ಅದನ್ನು ಯಾವ ಭಾಗಕ್ಕೆ ಖರ್ಚು ಮಾಡಬೇಕೆಂಬುದು ಗೊತ್ತಿದ್ದರೆ ಸಾಕು.

ಬ್ಯಾಟ್ ಎಂದು ನಾವು ಕರೆಯುವ ವಸ್ತುವಿನಲ್ಲಿ ಮೂರು ಭಾಗಗಳಿವೆ: ಮರದ ಬ್ಲೇಡ್, ಅದರ ಮೇಲಿನ ಸ್ಪಾಂಜ್, ಸ್ಪಾಂಜಿನ ಮೇಲೆ ಚೆಂಡನ್ನು ಮುಟ್ಟುವ ರಬ್ಬರ್ ಹಾಳೆ. ಚೆಂಡು ಬ್ಯಾಟಿಗೆ ತಗುಲಿ ಬಿಡುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲಿ. ಅಷ್ಟರೊಳಗೆ ರಬ್ಬರ್ ಚೆಂಡನ್ನು ಹಿಡಿಯಬೇಕು, ಸ್ಪಾಂಜ್ ಒಳಕ್ಕೆ ಕುಗ್ಗಿ ಮತ್ತೆ ಹೊರಕ್ಕೆ ಚಿಮ್ಮಬೇಕು. ಆಗ ಮಾತ್ರ ಕೈಯ ಬೀಸು ಚೆಂಡಿನ ತಿರುಗುವಿಕೆಯಾಗಿ, ಅಂದರೆ ಸ್ಪಿನ್ ಆಗಿ ಬದಲಾಗುತ್ತದೆ. 350 ರೂಪಾಯಿಯ ಸೆಟ್ಟಿನ ಬ್ಯಾಟಿನಲ್ಲಿ ಕಾಣೆಯಾಗಿರುವುದು ಈ ಹಿಡಿತವೇ. ಅದರ ರಬ್ಬರ್ ಗಟ್ಟಿಯಾಗಿ ನುಣುಪಾಗಿರುತ್ತದೆ. ಸ್ಪಾಂಜ್ ಇದ್ದರೂ ತೆಳ್ಳಗಿರುತ್ತದೆ, ಬೆರಳಿನಿಂದ ಒತ್ತಿದರೆ ಸತ್ತಂತೆ ಕೂರುತ್ತದೆ.

ಮನೆಯಲ್ಲಿಯೇ ಪರೀಕ್ಷಿಸಿ ನೋಡಿ. ಬ್ಯಾಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಒಂದು ಚೆಂಡನ್ನು ಎರಡು ಬೆರಳಲ್ಲಿ ಹಿಡಿದು ರಬ್ಬರಿನ ಮೇಲೆ ಹಗುರವಾಗಿ ಒತ್ತಿ ಎಳೆಯಿರಿ. ಒಳ್ಳೆಯ ರಬ್ಬರಿನ ಮೇಲೆ ಚೆಂಡು ತಡೆದು ನಿಲ್ಲುತ್ತದೆ, ಎಳೆದ ಕಡೆಗೆ ರಬ್ಬರಿನ ಮೇಲ್ಮೈಯೂ ಒಂದಿಷ್ಟು ಸರಿಯುವುದು ಕಾಣುತ್ತದೆ. ಅಗ್ಗದ ಬ್ಯಾಟಿನ ಮೇಲೆ ಅದು ಗಾಜಿನ ಮೇಲೆ ಸರಿದಂತೆ ಸರಾಗವಾಗಿ ಸರಿದುಹೋಗುತ್ತದೆ. ಹಾಗೆಯೇ ಅಂಚನ್ನೂ ಗಮನಿಸಿ. ಅಗ್ಗದ ಬ್ಯಾಟಿನಲ್ಲಿ ಹಲವು ಸಲ ಅಂಟು ಅಲ್ಲಲ್ಲಿ ಬಿಟ್ಟಿರುತ್ತದೆ, ಉಗುರು ತಾಗಿಸಿದರೆ ಸ್ಪಾಂಜ್ ಪುಡಿಪುಡಿಯಾಗಿ ಉದುರುತ್ತದೆ.

ನುಣುಪು ರಬ್ಬರಿನಿಂದ ಆಗುವ ನಷ್ಟ ಸ್ಪಿನ್ ಹುಟ್ಟುವುದಿಲ್ಲ ಎಂಬಲ್ಲಿಗೆ ಮುಗಿಯುವುದಿಲ್ಲ. ಎದುರಾಳಿ ಹಾಕಿದ ಸ್ಪಿನ್ ಕೂಡ ಅಂಥ ಬ್ಯಾಟಿನ ಮೇಲೆ ಪೂರ್ತಿ ಕೆಲಸ ಮಾಡುವುದಿಲ್ಲ. ಕತ್ತರಿಸಿ ಬಂದ, ಅಂದರೆ ಹಿಂದಕ್ಕೆ ತಿರುಗುತ್ತ ಬರುವ ಚೆಂಡಿಗೆ ಬ್ಯಾಟಿನ ಮುಖವನ್ನು ತುಸು ಮೇಲಕ್ಕೆ ತೆರೆಯಬೇಕು, ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ತಿರುಗುವ ಚೆಂಡು ಬಂದಾಗ ಕೆಳಕ್ಕೆ ಮುಚ್ಚಬೇಕು ಎಂಬ ಪಾಠವನ್ನು ಕೈ ಕಲಿಯುವುದು ತಪ್ಪಿನ ಮೂಲಕ: ಚೆಂಡು ನೆಟ್ಟಿಗೆ ಹೋದಾಗ, ಟೇಬಲ್ ದಾಟಿ ಹಾರಿದಾಗ. ಅಗ್ಗದ ಬ್ಯಾಟ್ ಈ ತಪ್ಪುಗಳನ್ನು ಮುಚ್ಚಿಡುತ್ತದೆ. ಮಗು ಚೆಂಡನ್ನು ಚಪ್ಪಟೆಯಾಗಿ ಹೊಡೆದು ಗೆಲ್ಲುವುದನ್ನು ರೂಢಿಸಿಕೊಳ್ಳುತ್ತದೆ, ತರಗತಿಯ ಗೆಳತಿಯರ ಎದುರು ಅದು ಸಾಲುತ್ತದೆ ಕೂಡ. ಜಿಲ್ಲಾ ಮಟ್ಟದಲ್ಲಿ ಸ್ಪಿನ್ ಸರ್ವಿಸ್ ಮಾಡುವ ಒಬ್ಬ ಆಟಗಾರ್ತಿ ಎದುರಾದ ದಿನ ಆ ರೂಢಿ ಕೈಕೊಡುತ್ತದೆ. ಕೈಗೆ ಕೂತ ತಪ್ಪು ಅಭ್ಯಾಸವನ್ನು ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಎಷ್ಟೋ ಕಷ್ಟ. ಆದ್ದರಿಂದಲೇ ಬದಲಾವಣೆಯನ್ನು ಮುಂದೂಡಬೇಡಿ ಎಂದು ಒತ್ತಿ ಹೇಳುತ್ತೇನೆ. ಹೊಸ ಬ್ಯಾಟ್ ಬಂದ ಮೊದಲ ಕೆಲವು ವಾರ ಅವಳ ಚೆಂಡುಗಳು ಹೊರಗೆ ಬೀಳುತ್ತವೆ, ಸೋಲೂ ಆದೀತು. ಆಗ ಹಳೆಯ ಬ್ಯಾಟನ್ನು ಮತ್ತೆ ಕೈಗೆ ಕೊಡಬೇಡಿ.

ಸ್ಪಿನ್ ಹಿಡಿಯದ ರಬ್ಬರ್‌ಗಳೆಲ್ಲ ಕಳಪೆ ಎಂದಲ್ಲ. ಭಾರತದ ಹೆಸರಾಂತ ಆಟಗಾರ್ತಿ ಮನಿಕಾ ಬಾತ್ರಾ ಅವರು ಬ್ಯಾಕ್‌ಹ್ಯಾಂಡಿನಲ್ಲಿ ಲಾಂಗ್ ಪಿಂಪಲ್ಸ್ ಎಂಬ, ಉದ್ದನೆಯ ಮೊನೆಗಳಿರುವ ರಬ್ಬರ್ ಬಳಸಿಯೇ ದೊಡ್ಡ ದೊಡ್ಡ ಆಟಗಾರ್ತಿಯರನ್ನು ಸೋಲಿಸಿದ್ದಾರೆ. ಅದು ಎರಡೂ ಬಗೆಯ ಸ್ಪಿನ್ನನ್ನು ಬಲ್ಲ ಕೈಯ ಆಯ್ಕೆ. ಕಲಿಯುವವರಿಗೆ ಎರಡೂ ಬದಿಗೆ ಹಿಡಿತವಿರುವ, ಮೊನೆಗಳು ಹೊರಗೆ ಕಾಣದ ಸಮತಟ್ಟಾದ ಮುಖದ ರಬ್ಬರೇ ಇರಲಿ. ಬ್ಯಾಟಿನ ಮೇಲ್ಮೈ ಆಟವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದನ್ನು ಜಗತ್ತು ಕಂಡದ್ದು ನಮ್ಮ ದೇಶದಲ್ಲಿಯೇ. 1952ರಲ್ಲಿ ಬೊಂಬಾಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ಹಿರೋಜಿ ಸಾತೋ ದಪ್ಪ ಸ್ಪಾಂಜ್ ಹಚ್ಚಿದ ಬ್ಯಾಟ್ ಹಿಡಿದು ಬಂದು ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಚೆಂಡು ತಗುಲಿದ ಸದ್ದೂ ಸರಿಯಾಗಿ ಕೇಳಿಸದೆ ಎದುರಾಳಿಗಳು ತಬ್ಬಿಬ್ಬಾದರು. ಆಮೇಲೆ 1959ರಲ್ಲಿ ರಬ್ಬರಿನ ದಪ್ಪಕ್ಕೆ ಮಿತಿ ಬಂತು. ಇವತ್ತಿಗೂ ರಬ್ಬರ್, ಸ್ಪಾಂಜ್, ಅಂಟು ಎಲ್ಲ ಸೇರಿ 4 ಮಿಲಿಮೀಟರ್ ಮೀರುವಂತಿಲ್ಲ.

ಇನ್ನು ಬ್ಲೇಡ್. ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ ಶೇಕಡಾ 85 ಭಾಗ ನೈಸರ್ಗಿಕ ಮರವಿರಬೇಕು. ಕಾರ್ಬನ್ ಬ್ಯಾಟ್ ಎಂದರೂ ಅದರೊಳಗೆ ಇರುವುದು ಮರದ ಪದರಗಳ ನಡುವೆ ಕೂರಿಸಿದ ತೆಳು ನಾರಿನ ಹಾಳೆ ಮಾತ್ರ. ಅದು ಬ್ಲೇಡನ್ನು ಬಿಗಿಗೊಳಿಸಿ ವೇಗ ಹೆಚ್ಚಿಸುತ್ತದೆ, ಚೆಂಡು ಬ್ಯಾಟಿನ ಯಾವ ಭಾಗಕ್ಕೆ ತಗುಲಿದರೂ ಹೆಚ್ಚುಕಡಿಮೆ ಒಂದೇ ರೀತಿ ಚಿಮ್ಮಿಸುತ್ತದೆ. ಪಳಗಿದ ಕೈಗೆ ಇದು ವರವೇ ಸರಿ. ಕಲಿಯುವ ಕೈಗೆ ಮಾತ್ರ ಆ ವೇಗ ಕಾಟ ಕೊಡುತ್ತದೆ: ಚೆಂಡು ಹೊರಗೆ ಹೋದೀತೆಂಬ ಹೆದರಿಕೆಯಲ್ಲಿ ಮಗು ಬೀಸನ್ನೇ ಅರ್ಧಕ್ಕೆ ತಡೆಯುತ್ತದೆ, ಪೂರ್ತಿ ಬೀಸದ ಕೈಗೆ ಟಾಪ್‌ಸ್ಪಿನ್ ಬರುವುದಿಲ್ಲ. ಅದಕ್ಕಾಗಿ ನಿಮ್ಮ ಮಗಳಿಗೆ ಐದು ಪದರದ, ಪೂರ್ತಿ ಮರದ, ಆಲ್‌ರೌಂಡ್ ಎಂದು ಗುರುತು ಹಾಕಿದ ಬ್ಲೇಡ್ ತೆಗೆದುಕೊಳ್ಳಿ. ತೂಕ 80ರಿಂದ 90 ಗ್ರಾಂ ನಡುವೆ ಇರಲಿ. ಹುಡುಗಿಯ ಮಣಿಕಟ್ಟಿಗೆ ಹಗುರವಾದದ್ದೇ ಮೇಲು. ಹಿಡಿಯನ್ನು ಅವಳೇ ಹಿಡಿದು ನೋಡಿ ಆರಿಸಬೇಕು, ಆದ್ದರಿಂದ ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ.

ಅದಕ್ಕೆ 1.8 ಅಥವಾ 2.0 ಮಿಲಿಮೀಟರ್ ಸ್ಪಾಂಜಿನ, ಮಧ್ಯಮ ವೇಗದ ಎರಡು ರಬ್ಬರ್ ಹಚ್ಚಿಸಿ. ಯಾಸಾಕಾ ಮಾರ್ಕ್ ವಿ, ಬಟರ್‌ಫ್ಲೈ ಸ್ರೈವರ್ 1960ರ ದಶಕದಿಂದ ಹೆಸರಾದ ರಬ್ಬರ್‌ಗಳು, ಹಲವು ತಲೆಮಾರಿನ ಆಟಗಾರರು ಇವುಗಳಲ್ಲಿ ಕಲಿತಿದ್ದಾರೆ. ನಿಮ್ಮ ಮೊತ್ತಕ್ಕೆ ಇವು ಹೊಂದದಿದ್ದರೆ 729 ಫ್ರೆಂಡ್‌ಶಿಪ್‌ನಂಥ ಚೀನೀ ರಬ್ಬರ್‌ಗಳು ಕಡಿಮೆ ಬೆಲೆಗೆ ಒಳ್ಳೆಯ ಹಿಡಿತ ಕೊಡುತ್ತವೆ. ಚೀನೀ ರಬ್ಬರ್‌ಗಳಲ್ಲಿ ಕೆಲವಕ್ಕೆ ಮುಟ್ಟಿದರೆ ಅಂಟುವ ಗುಣವಿದ್ದು, ನಮ್ಮ ಸೀಮೆಯ ಧೂಳೆಲ್ಲ ಅವುಗಳ ಮೇಲೆ ಬಂದು ಕೂರುತ್ತದೆ ಎಂಬುದೊಂದು ತೊಡಕು. ಹಣ ಸಾಲದೆ ಬಂದರೆ ಬ್ಲೇಡಿನಲ್ಲಿ ಉಳಿಸಿ, ರಬ್ಬರಿನಲ್ಲಿ ಉಳಿಸಬೇಡಿ. ಅದೂ ಆಗದಿದ್ದರೆ ಒಳ್ಳೆಯ ಕಂಪನಿಯ ರೆಡಿಮೇಡ್ ಬ್ಯಾಟ್ ಸಾಕು. ಕೊಳ್ಳುವಾಗ ರಬ್ಬರಿನ ಮೇಲೆ, ಹಿಡಿಯ ಪಕ್ಕದಲ್ಲಿ ಐಟಿಟಿಎಫ್ ಗುರುತು ಮತ್ತು ಸಂಖ್ಯೆ ಇದೆಯೇ ನೋಡಿ; ಅಂತರರಾಷ್ಟ್ರೀಯ ಫೆಡರೇಶನ್ನಿನ ಮಾನ್ಯತೆ ಇರುವ ರಬ್ಬರಿಗೆ ಮಾತ್ರ ಅದು ಇರುತ್ತದೆ. ಒಂದು ಬದಿ ಕಪ್ಪಾಗಿಯೇ ಇರಬೇಕು. ಇನ್ನೊಂದು ಬದಿಗೆ ಕೆಂಪಲ್ಲದೆ ಗುಲಾಬಿ, ನೇರಳೆ, ಹಸಿರು, ನೀಲಿ ಬಣ್ಣಗಳಿಗೂ 2021ರಿಂದ ಅವಕಾಶವಿದೆ.

ಪ್ರಶ್ನೆ: ನಮ್ಮ ಕಾಲೊನಿಯ ಕ್ಲಬ್ಬಿಗೆ ಹೊಸ ಟೇಬಲ್ ಕೊಳ್ಳಬೇಕಾಗಿದೆ. ಎರಡು ದರಪಟ್ಟಿಗಳು ಬಂದಿದ್ದು, ಒಂದರ ಬೆಲೆ ಇನ್ನೊಂದರ ಅರ್ಧಕ್ಕಿಂತಲೂ ಕಡಿಮೆ. ಅಳತೆ ಎರಡರದೂ ಒಂದೇ. ಸದಸ್ಯರಲ್ಲಿ ಹೆಚ್ಚಿನವರು ಅಗ್ಗದ್ದೇ ಸಾಕೆನ್ನುತ್ತಾರೆ. ಚೆಂಡುಗಳ ವಿಷಯದಲ್ಲಿಯೂ ಇದೇ ವಾದ ನಡೆದಿದೆ.
— ಕ್ಲಬ್ಬಿನ ಕಾರ್ಯದರ್ಶಿಯೊಬ್ಬರು, ಶಕ್ತಿನಗರ

ಉತ್ತರ: ಅಳತೆ ಎಲ್ಲ ಟೇಬಲ್‌ಗಳಿಗೂ ಒಂದೇ: 2.74 ಮೀಟರ್ ಉದ್ದ, 1.525 ಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರ. ವ್ಯತ್ಯಾಸವಿರುವುದು ಹಲಗೆಯ ದಪ್ಪದಲ್ಲಿ ಮತ್ತು ಕೆಳಗಿನ ಚೌಕಟ್ಟಿನಲ್ಲಿ. ಟೇಬಲ್ಲಿನ ಗುಣಕ್ಕೆ ನಿಯಮದಲ್ಲಿಯೇ ಒಂದು ಒರೆಗಲ್ಲು ಇದೆ, ಅದಕ್ಕೆ ಬೇಕಾದುದು ಅಳತೆಪಟ್ಟಿ ಮತ್ತು ಒಂದು ಒಳ್ಳೆಯ ಚೆಂಡು ಮಾತ್ರ. 30 ಸೆಂಟಿಮೀಟರ್ ಎತ್ತರದಿಂದ ಚೆಂಡನ್ನು ಬಿಟ್ಟರೆ ಅದು ಸುಮಾರು 23 ಸೆಂಟಿಮೀಟರ್ ಪುಟಿಯಬೇಕು, ಮತ್ತು ಟೇಬಲ್ಲಿನ ಎಲ್ಲ ಕಡೆಯೂ ಅಷ್ಟೇ ಪುಟಿಯಬೇಕು. ನಡುವೆ, ಮೂಲೆಗಳಲ್ಲಿ, ನೆಟ್ಟಿನ ಹತ್ತಿರ ಬಿಟ್ಟು ನೋಡಿ. 12 ಮಿಲಿಮೀಟರಿನ ತೆಳು ಹಲಗೆಯಲ್ಲಿ ಕೆಳಗೆ ಆಧಾರವಿರುವ ಜಾಗದಲ್ಲಿ ಒಂದು ಪುಟಿತ, ಆಧಾರವಿಲ್ಲದ ಜಾಗದಲ್ಲಿ ಇನ್ನೊಂದು ಪುಟಿತ ಸಿಗುತ್ತದೆ. 25 ಮಿಲಿಮೀಟರಿನ ಹಲಗೆಯಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ.

ಕ್ಲಬ್ಬಿನ ಟೇಬಲ್ ಹತ್ತಾರು ವರ್ಷ ಬಾಳಬೇಕಾದ ವಸ್ತು. ಬ್ಯಾಟನ್ನು ಆಡುವವರು ತಮ್ಮ ಖರ್ಚಿನಲ್ಲಿ ಬದಲಿಸಿಕೊಳ್ಳಬಹುದು, ಟೇಬಲ್ಲನ್ನು ಯಾರೂ ಬದಲಿಸಲಾರರು. ಆದ್ದರಿಂದ ಇಲ್ಲಿ ದುಬಾರಿಯದ್ದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಈ ವರ್ಷ ಹಣ ಸಾಲದಿದ್ದರೆ ಒಂದು ವರ್ಷ ಕಾದು ಕೊಳ್ಳುವುದೂ ಲೇಸು. ಮರದ ಪುಡಿಯ ಹಲಗೆಗೆ ನೀರು ತಾಗಿದರೆ ಅಂಚು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಅದಕ್ಕಿಂತ ನಿಮ್ಮಲ್ಲಿ ಭಯಪಡಬೇಕಾದದ್ದು ಬೇಸಿಗೆಯನ್ನು. ಕಿಟಕಿಯ ಬಿಸಿಲು ದಿನವೂ ಟೇಬಲ್ಲಿನ ಒಂದೇ ಭಾಗದ ಮೇಲೆ ಬೀಳುತ್ತಿದ್ದರೆ ಎಂಥ ಹಲಗೆಯಾದರೂ ಬಾಗುತ್ತದೆ, ಹಾಗಾಗಿ ಟೇಬಲ್ ಬರುವ ಮೊದಲೇ ಕಿಟಕಿಗೆ ಪರದೆ ಹಾಕಿಸಿ.

ಚೆಂಡಿನ ವಿಷಯದಲ್ಲಿ ಮಧ್ಯದ ದಾರಿ ಇದೆ. 2000ನೇ ಇಸವಿಯ ಕೊನೆಯಲ್ಲಿ ಚೆಂಡಿನ ವ್ಯಾಸ 38ರಿಂದ 40 ಮಿಲಿಮೀಟರಿಗೆ ಏರಿತು, ತೂಕ 2.7 ಗ್ರಾಂ ಎಂದು ನಿಗದಿಯಾಯಿತು. 2014ರಿಂದ ಸೆಲ್ಯುಲಾಯ್ಡ್ ಜಾಗಕ್ಕೆ ಪ್ಲಾಸ್ಟಿಕ್ ಬಂದಿದ್ದು, ಅಂಥ ಚೆಂಡಿನ ಮೇಲೆ 40+ ಎಂದು ಅಚ್ಚು ಹಾಕಿರುತ್ತಾರೆ. ಬಜಾರಿನ ಅಗ್ಗದ ಚೆಂಡುಗಳಲ್ಲಿ ಗುಂಡನೆಯ ಆಕಾರವೇ ಕೆಟ್ಟಿರುವುದುಂಟು. ಟೇಬಲ್ಲಿನ ಮೇಲೆ ಎರಡು ಬೆರಳಲ್ಲಿ ಬುಗುರಿಯ ಹಾಗೆ ತಿರುಗಿಸಿ ಬಿಡಿ: ಸರಿಯಾದ ಚೆಂಡು ಒಂದೇ ಜಾಗದಲ್ಲಿ ನಿಂತು ತಿರುಗುತ್ತದೆ, ಸೊಟ್ಟ ಚೆಂಡು ಓಲಾಡುತ್ತ ಪಕ್ಕಕ್ಕೆ ಓಡುತ್ತದೆ. ಸೊಟ್ಟ ಚೆಂಡಿನ ಪುಟಿತ ಪ್ರತಿ ಸಲವೂ ಬೇರೆಯಾಗುವುದರಿಂದ ಕಲಿಯುವವರಿಗೆ ತಪ್ಪು ತಮ್ಮದೋ ಚೆಂಡಿನದೋ ಎಂದು ತಿಳಿಯದಂತಾಗುತ್ತದೆ. ದಿನನಿತ್ಯದ ಆಟಕ್ಕೆ ಹೆಸರಾಂತ ಕಂಪನಿಗಳ ತರಬೇತಿ ಚೆಂಡುಗಳನ್ನು ಒಟ್ಟಿಗೆ ದೊಡ್ಡ ಪೊಟ್ಟಣದಲ್ಲಿ ತರಿಸಿ, ಮೇಲಿನ ದರ್ಜೆಯವಾದ ಮೂರು ನಕ್ಷತ್ರದ ಚೆಂಡುಗಳನ್ನು ಪಂದ್ಯಗಳಿಗೆ ಮೀಸಲಿಡಿ.

ಪ್ರಶ್ನೆ: ದುಬಾರಿ ರಬ್ಬರ್ ಹಚ್ಚಿಸಿದೆ, ಬೇಸಿಗೆ ಕಳೆಯುವುದರೊಳಗೆ ನುಣುಪಾಯಿತು. ಪೆಟ್ರೋಲಿನಿಂದ ಒರೆಸಬಹುದೇ? ಹೊಸ ರಬ್ಬರನ್ನು ಸೈಕಲ್ ಪಂಕ್ಚರ್ ಸೊಲ್ಯೂಶನ್ನಿನಿಂದ ಅಂಟಿಸಬಹುದೇ?
— ಓದುಗರು, ಕೊಪ್ಪಳ

ಉತ್ತರ: ಪೆಟ್ರೋಲ್ ಬೇಡವೇ ಬೇಡ, ಅದು ರಬ್ಬರನ್ನು ತಿನ್ನುತ್ತದೆ. ಶುದ್ಧ ನೀರು, ಮೆತ್ತನೆಯ ಸ್ಪಾಂಜು ಸಾಕು. ಆಡಿದ ಮೇಲೆ ಪ್ರತಿ ದಿನ ಒರೆಸಿ, ಆರಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಚೀಲದಲ್ಲಿಡಿ. ರಬ್ಬರಿಗೆ ಬಿಸಿಲು, ಸೆಕೆ, ಗಾಳಿ ಮೂರೂ ಶತ್ರುಗಳು. ಮೇ ತಿಂಗಳ ಮಧ್ಯಾಹ್ನ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟ ಬ್ಯಾಟಿನ ರಬ್ಬರ್, ಎಷ್ಟೇ ಬೆಲೆಯದಾದರೂ, ಬೇಗ ಗಟ್ಟಿಯಾಗುತ್ತದೆ. ನಿಮ್ಮ ರಬ್ಬರಿಗೂ ಹೀಗೆಯೇ ಆಗಿರುವ ಸಾಧ್ಯತೆ ಹೆಚ್ಚು. ದುಬಾರಿ ರಬ್ಬರ್ ಹೆಚ್ಚು ಬಾಳಿಕೆ ಬರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅದರ ಬೆಲೆ ವೇಗಕ್ಕೆ ಮತ್ತು ಸ್ಪಿನ್ನಿಗೆ ಕೊಟ್ಟದ್ದು, ಬಾಳಿಕೆಗೆ ಕೊಟ್ಟದ್ದಲ್ಲ.

ಪಂಕ್ಚರ್ ಸೊಲ್ಯೂಶನ್ನಿನಲ್ಲಿ ಬೇಗ ಆವಿಯಾಗುವ ದ್ರಾವಕಗಳಿದ್ದು, ಅವುಗಳ ಹೊಗೆ ಆರೋಗ್ಯಕ್ಕೆ ಹಾನಿ ಮಾಡುತ್ತದೆ. ಇಂಥ ದ್ರಾವಕಗಳಿರುವ ಅಂಟುಗಳನ್ನು ಅಂತರರಾಷ್ಟ್ರೀಯ ಫೆಡರೇಶನ್ 2008ರ ಸೆಪ್ಟೆಂಬರಿನಿಂದ ನಿಷೇಧಿಸಿದೆ. ನೀರಿನಲ್ಲಿ ಕರಗಿದ ಬಿಳಿ ಅಂಟನ್ನೇ ತನ್ನಿ. ಹಳೆಯ ರಬ್ಬರನ್ನು ಅವಸರದಲ್ಲಿ ಕಿತ್ತರೆ ಬ್ಲೇಡಿನ ಮೇಲ್ಪದರದ ಸಿಬಿರು ಎದ್ದು ಬರುತ್ತದೆ. ಅಂಚಿನಿಂದ ನಿಧಾನವಾಗಿ, ಮರದ ಎಳೆಯ ದಿಕ್ಕನ್ನು ನೋಡಿಕೊಂಡು ಎಬ್ಬಿಸಿ. ಉಳಿದ ಅಂಟಿನ ಪೊರೆಯನ್ನು ಹೆಬ್ಬೆರಳಿನಿಂದ ಉಜ್ಜಿದರೆ ಸುರುಳಿಯಾಗಿ ಬಿಟ್ಟುಬರುತ್ತದೆ. ಹೊಸ ಅಂಟನ್ನು ಬ್ಲೇಡಿಗೂ ಸ್ಪಾಂಜಿಗೂ ತೆಳುವಾಗಿ ಹಚ್ಚಿ, ಅದರ ಬಿಳಿ ಬಣ್ಣ ಪೂರ್ತಿ ಹೋಗಿ ಪಾರದರ್ಶಕವಾದ ಮೇಲೆಯೇ ಎರಡನ್ನೂ ಕೂಡಿಸಬೇಕು. ಕೂಡಿಸಿದ ಬ್ಯಾಟಿನ ಮೇಲೆ ಒಂದೆರಡು ದಪ್ಪ ಪುಸ್ತಕಗಳನ್ನು ಹೇರಿ ಕೆಲವು ಗಂಟೆ ಬಿಡಿ, ಅಂಚನ್ನು ಕತ್ತರಿಯಿಂದ ಕತ್ತರಿಸುವುದು ಅದಾದ ನಂತರ.