ವಾರದ ಲೇಖನಕ್ಕೆ ಘೋಸ್ಟೋ, ವರ್ಡ್‌ಪ್ರೆಸ್ಸೋ?

ಪ್ರಶ್ನೆ: ನಾವು ಮೂವರು ಮಾಸ್ತರರು. ಮಳಖೇಡ, ಸನ್ನತಿ, ನಾಗಾವಿ ಇತಿಹಾಸದ ಮ್ಯಾಲ ವಾರಕ್ಕೊಂದು ಲೇಖನ ಬರೀತೀವಿ. ಇಲ್ಲೀತನಕ ವಾಟ್ಸ್‌ಆ್ಯಪ್‌ನಾಗ ಹಂಚೀವಿ, ಈಗ ಸ್ವಂತ ಜಾಲತಾಣ ಬೇಕಾಗ್ಯಾದ. ಒಬ್ಬರು ಘೋಸ್ಟ್ ಛಲೋ ಅಂತಾರ, ಇನ್ನೊಬ್ಬರು ವರ್ಡ್‌ಪ್ರೆಸ್ ಇದ್ರ ಏನ್ ಬೇಕಾದ್ರೂ ಮಾಡಬಹುದು ಅಂತಾರ. ಮುಂದ ಚಂದಾನೂ ತಗೋಬೇಕಂತ ಅದೀವಿ.
– ಓದುಗರು, ಸೇಡಂ

ಉತ್ತರ: ಘೋಸ್ಟ್, ವರ್ಡ್‌ಪ್ರೆಸ್ ಎರಡೂ ಜಾಲತಾಣ ಕಟ್ಟಿ ಲೇಖನ ಪ್ರಕಟಿಸುವ ತಂತ್ರಾಂಶಗಳು. ಲೇಖನ ಮತ್ತು ಇಮೇಲ್ ಅಷ್ಟೇ ಸಾಕೆಂದರೆ ಘೋಸ್ಟ್ ತಗೊಳ್ಳಿ. ಬರೆಯುವ ಪುಟ, ಓದುಗರ ನೋಂದಣಿ, ಪ್ರಕಟಿಸಿದ ಕೂಡಲೇ ಲೇಖನವನ್ನು ಇಮೇಲ್‌ಗೆ ಕಳಿಸುವ ಸೌಲಭ್ಯ ಅದರೊಳಗೇ ಇವೆ. ವರ್ಡ್‌ಪ್ರೆಸ್‌ನಲ್ಲಿ ನೋಂದಣಿಗೊಂದು, ಇಮೇಲ್‌ಗೊಂದು ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಹಾಕಬೇಕು. ಒಂದು ಪ್ಲಗಿನ್ ಅಪ್‌ಡೇಟ್ ಆಗಿ ಇನ್ನೊಂದು ಹಾಗೇ ಉಳಿದರೆ ಕೆಲವೊಮ್ಮೆ ಇಡೀ ತಾಣವೇ ತೆರೆಯುವುದಿಲ್ಲ. ಸರಿಪಡಿಸಲು ಕೂರುವವರು ನಿಮ್ಮ ಮೂವರಲ್ಲಿ ಯಾರು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ತೊಡಕಿರುವುದು ಚಂದಾದಲ್ಲಿ. ಘೋಸ್ಟ್ ಹಣ ಪಡೆಯುವುದು ಸ್ಟ್ರೈಪ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ. ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನ ಇದ್ದವರಿಗಷ್ಟೇ ಹೊಸ ಖಾತೆ ಕೊಡುತ್ತಿದೆ. ಹಾಗಾಗಿ ವರ್ಷದ ಚಂದಾವನ್ನು ಯುಪಿಐನಲ್ಲಿ ನೇರ ತಗೊಂಡು, ಕೊಟ್ಟವರ ಹೆಸರಿಗೆ ಸದಸ್ಯರ ಪಟ್ಟಿಯಲ್ಲಿ ಒಂದು ಲೇಬಲ್ ಹಚ್ಚಿ, ವಿಶೇಷ ಲೇಖನವನ್ನು ಆ ಲೇಬಲ್‌ನವರಿಗೆ ಮಾತ್ರ ಇಮೇಲ್ ಮಾಡಿ. ನಲವತ್ತೈವತ್ತು ಜನರ ತನಕ ಇದು ನಡೆಯುತ್ತದೆ. ನೂರಾರು ಜನರ ನವೀಕರಣದ ಲೆಕ್ಕ ಕೈಯಲ್ಲಿ ಇಡಲು ಆಗುವುದಿಲ್ಲ. ಅಷ್ಟು ದೊಡ್ಡ ಯೋಚನೆ ಇದ್ದರೆ ಈಗಲೇ ವರ್ಡ್‌ಪ್ರೆಸ್ ಮತ್ತು ರೇಜರ್‌ಪೇ ಎಂಬ ಪಾವತಿ ಸೇವೆ ಹಿಡಿಯಿರಿ.

ಇನ್ನೊಂದನ್ನು ನೀವು ಕೇಳಿಲ್ಲ, ಆದರೆ ಇತಿಹಾಸ ಬರೆಯುವವರಿಗೆ ಅದೇ ಮುಖ್ಯ. ಘೋಸ್ಟ್‌ನ ಹುಡುಕಾಟ ಶೀರ್ಷಿಕೆ, ಸಾರಾಂಶ, ಟ್ಯಾಗ್, ಲೇಖಕರ ಹೆಸರು ಇಷ್ಟನ್ನೇ ನೋಡುತ್ತದೆ. ಐದನೇ ಪ್ಯಾರಾದಲ್ಲಿ ಬರುವ ‘ಅಮೋಘವರ್ಷ’ ಸಿಗುವುದಿಲ್ಲ. ಅರಸರ ಹೆಸರು, ಊರು, ತಾಲ್ಲೂಕನ್ನು ಪ್ರತಿ ಲೇಖನಕ್ಕೂ ಟ್ಯಾಗ್ ಮಾಡಿದರೆ ಕೆಲಸ ಸಾಗುತ್ತದೆ. ಶಾಸನಗಳ ಪಟ್ಟಿ ಮಾಡಿ, ಅದನ್ನು ಅರಸ, ಲಿಪಿ, ಶಕವರ್ಷದ ಪ್ರಕಾರ ಸೋಸಿ ನೋಡಬೇಕೆಂದರೆ ಮಾತ್ರ ಘೋಸ್ಟ್ ಬೇಡ. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಶಾಸನಕ್ಕೂ ಇಂಥ ಬೇರೆ ಬೇರೆ ಕಾಲಂ ಇಡಬಹುದು.

ಅಗ್ಗದ ಪಿಎಚ್‌ಪಿ ಹೋಸ್ಟಿಂಗ್ (ವರ್ಡ್‌ಪ್ರೆಸ್‌ನಂಥ ತಾಣಗಳಿಗೆ ಸಿಗುವ ಬಾಡಿಗೆ ಸರ್ವರ್ ಜಾಗ) ಕೊಂಡು ಘೋಸ್ಟ್ ಹಾಕಲು ಹೋಗಬೇಡಿ. ಅದಕ್ಕೆ ನೋಡ್ ಜೆಎಸ್ (ಘೋಸ್ಟ್ ಓಡಲು ಬೇಕಾದ ತಂತ್ರಾಂಶ), ಮೈಎಸ್‌ಕ್ಯೂಎಲ್ 8 (ದತ್ತಾಂಶ ಇಡುವ ತಂತ್ರಾಂಶ), ಕನಿಷ್ಠ 1 ಜಿಬಿ ರ‍್ಯಾಮ್ ಇರುವ ಸರ್ವರ್ ಬೇಕು, ಇಮೇಲ್ ಕಳಿಸಲು ಮೇಲ್‌ಗನ್ ಖಾತೆಯೂ ಬೇಕು. ಸರ್ವರ್ ನೋಡಿಕೊಳ್ಳುವವರು ಇಲ್ಲದಿದ್ದರೆ ಘೋಸ್ಟ್‌ನವರೇ ನಡೆಸುವ ಘೋಸ್ಟ್ ಪ್ರೋ ಸೇವೆ ಕೊಳ್ಳಿ.

ಯಾವುದನ್ನೇ ಆರಿಸಿದರೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ಓದುಗರಿಗೆ ಕಾಣುವುದು ಬರೀ ಚಿಹ್ನೆಗಳು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು, ಒಮ್ಮೆ ಪೂರ್ತಿ ಓದಿ ನೋಡಿ. ಲೇಖನದ ವಿಳಾಸವನ್ನು (ಲಿಂಕ್‌ನಲ್ಲಿ ಕಾಣುವ ಹೆಸರು) ಇಂಗ್ಲಿಷ್ ಅಕ್ಷರದಲ್ಲಿ ನೀವೇ ಬರೆಯಿರಿ. ವರ್ಡ್‌ಪ್ರೆಸ್ ವಿಳಾಸಕ್ಕೆ 200 ಅಕ್ಷರಗಳ ಮಿತಿ ಇಟ್ಟಿದೆ. ಕನ್ನಡದ ಒಂದೊಂದು ಅಕ್ಷರ, ಗುಣಿತ, ಒತ್ತಿನ ಗುರುತೂ ಅಲ್ಲಿ 9 ಸ್ಥಳ ತಿನ್ನುವುದರಿಂದ ಉದ್ದನೆಯ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಸಾಲಿನ ಅಂತರ 1.2 ಇರುವ ಥೀಮ್‌ನಲ್ಲಿ (ತಾಣದ ಸಿದ್ಧ ವಿನ್ಯಾಸ) ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, 1.7ರ ಆಸುಪಾಸಿಗೆ ಏರಿಸಿ. ಘೋಸ್ಟ್‌ನಿಂದ ರಫ್ತು ಮಾಡಿದ ಕಡತದಲ್ಲಿ ಬರಹ ಬರುತ್ತದೆ, ಫೋಟೊ ಬರುವುದಿಲ್ಲ. ಶಾಸನದ ಮೂಲ ಫೋಟೊಗಳನ್ನು ಬೇರೆ ಡಿಸ್ಕ್‌ನಲ್ಲಿಡಿ.

ಪ್ರಶ್ನೆ: ಬಿದ್ರಿ ಸಾಮಾನು ಆನ್‌ಲೈನ್ ಮಾರಬೇಕು. ವಿಕ್ಸ್ ಆದೀತೇ?
– ಓದುಗರು, ಬೀದರ್

ಉತ್ತರ: ವಿಕ್ಸ್ ಎಂಬುದು ತಾಣ ಕಟ್ಟಿಕೊಳ್ಳುವ ಆನ್‌ಲೈನ್ ಸೇವೆ, ಬೇಗ ಶುರುಮಾಡಲು ಆದೀತು. ಮುಂದೆ ಬೇರೆ ಕಡೆ ಹೋಗಬೇಕೆಂದರೆ ಆ ತಾಣವನ್ನು ಹಾಗೇ ಎತ್ತಿಕೊಂಡು ಹೋಗಲಾಗದು, ಹೊಸದಾಗಿ ಕಟ್ಟಬೇಕು. ವರ್ಡ್‌ಪ್ರೆಸ್‌ಗೆ ವೂಕಾಮರ್ಸ್ (ಆನ್‌ಲೈನ್ ಅಂಗಡಿಯ ಪ್ಲಗಿನ್), ರೇಜರ್‌ಪೇ ಸೇರಿಸುವುದು ನನ್ನ ಆಯ್ಕೆ. ಕೈಕೆಲಸದ ಹೂಜಿ ಒಂದರಂತೆ ಒಂದಿರುವುದಿಲ್ಲ. ಪ್ರತಿಯೊಂದನ್ನೂ ಬೇರೆ ಉತ್ಪನ್ನವಾಗಿ ಸೇರಿಸಿ, ತೂಕ, ಎತ್ತರ ಬರೆದು, ಸ್ಟಾಕ್ 1 ಎಂದು ಹಾಕಿ. ಹಾಕದಿದ್ದರೆ ಒಂದೇ ಹೂಜಿಗೆ ಇಬ್ಬರು ಹಣ ಕಟ್ಟುತ್ತಾರೆ. ಆರ್ಡರ್ ಕೊಟ್ಟು ಹಣ ಕಟ್ಟದವರಿಗಾಗಿ ವೂಕಾಮರ್ಸ್ ಆ ಸಾಮಾನನ್ನು 60 ನಿಮಿಷ ಹಿಡಿದಿಡುತ್ತದೆ. ಜಾತ್ರೆ, ಹಬ್ಬದ ಸಮಯದಲ್ಲಿ ಅದನ್ನು 15ಕ್ಕೆ ಇಳಿಸಿ.